ಕಂಪ್ಲಿಗೆ ಬೇಕಾದ ಸ್ಪ್ರಿಂಗು

ನಮ್ಮ ಮಾವನಿಗೆ ಮನುಷ್ಯರ ಬೆನ್ನಿಗಿಂತ ಕಾರುಗಳ ಬೆನ್ನಿನ ಮೇಲೆ ಕಾಳಜಿ ಹೆಚ್ಚು! ಇದು ನಾನೊಬ್ಬ ಹೊರಿಸುತ್ತಿರುವ ಆರೋಪವಲ್ಲ, ಹೊಸಪೇಟೆಯ ಅರ್ಧ ಊರು ಒಪ್ಪಿಕೊಂಡಿರುವ ಸತ್ಯ. ಮನೆಗೆ ಬಂದ ನೆಂಟರನ್ನು ಬೇರೆಯವರು ಆರಾಮವೇ ಎಂದು ಕೇಳಿದರೆ, ಇವರು ನೆಂಟರನ್ನು ಹೊಸ್ತಿಲಲ್ಲೇ ಬಿಟ್ಟು ಅಂಗಳಕ್ಕೆ ಇಳಿದು, ಅವರು ಬಂದ ಕಾರಿನ ಮೂಗಿನ ಮೇಲೆ ಎರಡೂ ಅಂಗೈ ಊರಿ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಡುತ್ತಿದ್ದರು. ಕಾರು ಕೆಳಗೆ ಹೋಗಿ ಮೇಲೆ ಬಂದು ಸುಮ್ಮನೆ ನಿಂತಿತೋ, ನೆಂಟರಿಗೆ ಚಹಾ. ಎರಡು ಮೂರು ಸಲ ಕುಪ್ಪಳಿಸಿತೋ, ಚಹಾಕ್ಕೆ ಮೊದಲು ಅರ್ಧ ಗಂಟೆ ಉಪದೇಶ. ಶಾಕಪ್ಸರ್ ಅಂದರೆ ಗೊತ್ತಲ್ಲ? ಗಾಲಿ ಗುಂಡಿಗೆ ಬಿದ್ದಾಗ ಆ ಹೊಡೆತ ಒಳಗೆ ಕೂತವರ ಸೊಂಟಕ್ಕೆ ಮುಟ್ಟದಂತೆ ನಡುವೆ ನಿಂತು ನುಂಗಿಕೊಳ್ಳುವ ಎಣ್ಣೆಯ ಕೊಳವೆ. ಅದರ ಯೋಗಕ್ಷೇಮ ವಿಚಾರಿಸದೆ ಮಾವ ಯಾರ ಯೋಗಕ್ಷೇಮವನ್ನೂ ವಿಚಾರಿಸಿದವರಲ್ಲ.

ಅದಿರಿನ ಕಾಲ ಅದು. ಸಂಡೂರಿನ ಗುಡ್ಡ ಅಗೆದಷ್ಟೂ ನಮ್ಮ ಕಡೆಯ ಊರುಗಳಿಗೆ ದೊಡ್ಡ ದೊಡ್ಡ ಕಾರುಗಳು ಬರುತ್ತಿದ್ದವು. ಮೊನ್ನೆ ಮೊನ್ನೆಯವರೆಗೆ ಸೈಕಲ್ಲಿಗೆ ಗಾಳಿ ಹಾಕಿಸಿಕೊಂಡು ಹೋಗುತ್ತಿದ್ದವರು ಹೆಸರು ಹೇಳಲು ನಾಲಗೆ ತಿರುಗದ ವಿಲಾಯಿತಿ ಕಾರಿನಿಂದ ಇಳಿಯುತ್ತಿದ್ದರು. ಸಂಡೂರಿನ ಒಂದು ಮದುವೆಯಲ್ಲಿ ಮಾವ ಅಂಥದೇ ಒಂದು ಕಾರಿನ ಮೂಗು ಒತ್ತಿದರು. ಅದು ಒತ್ತಿಸಿಕೊಳ್ಳುವ ಪೈಕಿ ಅಲ್ಲ, ಕಿಟಾರನೆ ಕಿರುಚಿಕೊಂಡಿತು. ಓಲಗದವರು ಗಾಬರಿಯಾಗಿ ಊದುವುದನ್ನು ನಿಲ್ಲಿಸಿದರು, ಓಲಗ ನಿಂತದ್ದಕ್ಕೆ ವರ ತಾಳಿ ಕಟ್ಟುವುದನ್ನು ನಿಲ್ಲಿಸಿದ! ಇಬ್ಬರು ಕಾವಲುಗಾರರು ಬಂದು ಮಾವನ ರಟ್ಟೆ ಹಿಡಿದರು. ಕಾರಿನ ಮಾಲೀಕರು ಓಡಿ ಬಂದಾಗ ಮಾವ ರಟ್ಟೆ ಬಿಡಿಸಿಕೊಳ್ಳದೆಯೇ, "ನಿಮ್ಮ ಎಡಗಡೆ ಮುಂದಿನ ಶಾಕಪ್ಸರ್ ಎಣ್ಣಿ ಬಿಡಾಕತ್ತೈತ್ರಿ, ನೋಡಿಸ್ಕೊಳ್ರಿ" ಎಂದರು. ಮರುದಿನ ನೋಡಿಸಿದರೆ ನಿಜವೇ! ಆ ಮನುಷ್ಯ ಬುಟ್ಟಿ ತುಂಬ ಸೇಬು ಕಳಿಸಿದ. ಮದುವೆಯವರು ಮಾತ್ರ ಮುಂದಿನ ಯಾವ ಕಾರ್ಯಕ್ಕೂ ನಮ್ಮನ್ನು ಕರೆಯಲಿಲ್ಲ.

ಮಾವ ಇಂಜಿನಿಯರೂ ಅಲ್ಲ, ಗಣಿ ಧಣಿಯೂ ಅಲ್ಲ. ಊರ ಹೊರಗೆ ಅಕ್ಕಿ ಗಿರಣಿ ನಡೆಸುವವರು. ಹಣೆಗೆ ವಿಭೂತಿ, ಮೈಗೆ ಹೊಟ್ಟಿನ ಧೂಳು, ಓಡಿಸಲು ಒಂದು ಹಳೆಯ ಬಿಳಿ ಕಾರು. ಆ ಕಾರು ಹದಿನಾಲ್ಕು ವರ್ಷ ಕುಲುಕಿದರೂ ಅವರಿಗೆ ಶಾಕಪ್ಸರಿನ ನೆನಪಾಗಿರಲಿಲ್ಲ. ಹುಚ್ಚು ಹಿಡಿದದ್ದು ಅತ್ತೆಯ ಬೆನ್ನಿನ ಎಲುಬು ಜಾರಿದ ಮೇಲೆ. ಬಳ್ಳಾರಿಯ ಡಾಕ್ಟರು, ಏನು ಬೇಕಾದರೂ ಮಾಡಿ, ಕುಲುಕಾಟ ಮಾತ್ರ ಬೇಡವೇ ಬೇಡ ಎಂದುಬಿಟ್ಟರು. ನಮ್ಮ ಜಿಲ್ಲೆಯಲ್ಲಿ ಕುಲುಕದೆ ಬದುಕುವುದು ಹೇಗೆ ಎಂದು ಮಾತ್ರ ಅವರು ಚೀಟಿಯಲ್ಲಿ ಬರೆದುಕೊಡಲಿಲ್ಲ.

ಅತ್ತೆಗೆ ಒಬ್ಬಳೇ ಅಕ್ಕ, ಕಂಪ್ಲಿಯಲ್ಲಿ. ತಾಯಿ ಸತ್ತಾಗ ಅತ್ತೆಗೆ ಮೂರು ವರ್ಷವಂತೆ, ಎತ್ತಿ ಆಡಿಸಿದ್ದು, ಜಡೆ ಹಾಕಿದ್ದು, ಮದುವೆ ಮಾಡಿ ಕಳಿಸಿದ್ದು ಎಲ್ಲ ಆ ಅಕ್ಕನೇ. ಅತ್ತೆಯ ಬೆನ್ನು ಹೋದ ವರ್ಷವೇ ಆ ಅಕ್ಕ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಹೊಸಪೇಟೆಗೂ ಕಂಪ್ಲಿಗೂ ಮೂವತ್ತು ಕಿಲೋಮೀಟರು. ಈ ತುದಿಯಲ್ಲೊಂದು ಬೆನ್ನು, ಆ ತುದಿಯಲ್ಲೊಂದು ಸೊಂಟ, ನಡುವೆ ಲೆಕ್ಕವಿಲ್ಲದಷ್ಟು ಗುಂಡಿ! ದಿನಾ ಹನ್ನೊಂದು ಗಂಟೆಗೆ ಫೋನಿನಲ್ಲಿ ಇವತ್ತೇನು ಪಲ್ಯ ಎಂಬಲ್ಲಿಂದ ಶುರುವಾದ ಮಾತು, ಒಮ್ಮೆ ಬಂದು ಮುಖ ತೋರಿಸಿ ಹೋಗು, ನಾನು ಎಷ್ಟು ದಿನ ಇರುತ್ತೇನೋ ಎಂಬ ಅಕ್ಕನ ಮಾತಿಗೆ ಮುಗಿಯುತ್ತಿತ್ತು.

ಒಮ್ಮೆ ಹೊರಟಿದ್ದರು. ಕಮಲಾಪುರದ ತನಕ ಹಂಪಿಗೆ ಬರುವವರ ಪುಣ್ಯದಿಂದ ರಸ್ತೆ ಪರವಾಗಿರಲಿಲ್ಲ. ಅದು ದಾಟಿದ ಮೇಲೆ ಎರಡನೇ ಗುಂಡಿಗೇ ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕಚ್ಚಿ ಹಿಡಿದದ್ದು ಮಾವನಿಗೆ ಕನ್ನಡಿಯಲ್ಲಿ ಕಂಡಿತು. ಅಲ್ಲೇ ಕಾರು ತಿರುಗಿಸಿದರು. ಮನೆಗೆ ಬಂದು ಇಳಿದ ಅತ್ತೆ, "ಈ ಕಾರಿನಾಗ ನಾ ಇನ್ನ ಹತ್ತಂಗಿಲ್ಲ" ಎಂದರು. ಬಯ್ದು ಹೇಳಿದ್ದರೆ ಮಾವ ಮರೆಯುತ್ತಿದ್ದರೇನೋ, ಮೆಲ್ಲಗೆ ಹೇಳಿದರು. ಮರುದಿನ ಬೆಳಗ್ಗೆ ಮಾವ ಖಾದರ್ ಸಾಬರ ಗ್ಯಾರೇಜಿನ ಬಾಗಿಲು ತೆಗೆಯುವ ಮೊದಲೇ ಅಲ್ಲಿ ಹೋಗಿ ಕೂತಿದ್ದರು.

ಪಕ್ಕದ ಮನೆಯವರು ತಮ್ಮ ಹೊಸ ದೊಡ್ಡ ಕಾರು ಕೊಡುತ್ತೇವೆ ಎಂದು ಬಂದರು. ಒಳ್ಳೆಯ ಜನ, ಹೊಲದಲ್ಲಿ ಅದಿರು ಸಿಕ್ಕಿದ್ದರಿಂದ ಇನ್ನಷ್ಟು ಒಳ್ಳೆಯವರಾಗಿದ್ದರು. ಆದರೆ ಆ ಕಾರಿನ ಬಾಗಿಲು ಅತ್ತೆಯ ಎದೆಮಟ್ಟಕ್ಕಿತ್ತು. ಸ್ಟೂಲು ಇಟ್ಟರು, ಸ್ಟೂಲಿನ ಮೇಲೆ ಮಣೆ ಇಟ್ಟರು, ಮಣೆಯ ಮೇಲೆ ಏನಿಡುವುದು ಎಂದು ಯೋಚಿಸುವಷ್ಟರಲ್ಲಿ ಅತ್ತೆ ಒಳಗೆ ಹೋಗಿ ಮಲಗಿದರು. ಹೀಗಾಗಿ ಬಿಳಿ ಕಾರೇ ಗತಿ, ಅದರ ಕಾಲುಗಳನ್ನೇ ಬದಲಿಸಬೇಕು ಎಂದು ಮಾವ ತೀರ್ಮಾನಿಸಿದರು.

ಮೊದಲು ತಂದದ್ದು ಗ್ಯಾಸ್ ತುಂಬಿದ ಶಾಕಪ್ಸರ್. ತಂದ ಮೇಲೆ ಪರೀಕ್ಷೆ ಬೇಡವೇ? ಪರೀಕ್ಷೆಗೆ ಮಾವ ಆರಿಸಿದ್ದು ಸಂಡೂರಿನ ರಸ್ತೆ. ಹಗಲಿರುಳು ಅದಿರಿನ ಲಾರಿ ಓಡಿ ಓಡಿ ಅಲ್ಲಿ ಡಾಂಬರು ಎಂಬುದು ಹಿರಿಯರು ಹೇಳುವ ಕಥೆಯಾಗಿತ್ತು. ಉಪಕರಣ ಒಂದು ಸ್ಟೀಲಿನ ಲೋಟ, ಕಂಠಪೂರ್ತಿ ಮಜ್ಜಿಗೆ. ಪ್ರಯೋಗದ ಪ್ರಾಣಿ ನಾನು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು, ಪ್ಯಾಂಟಿನ ಇಸ್ತ್ರಿಯ ಗೆರೆಯ ಬಗ್ಗೆ ಸ್ವಲ್ಪ ಅಭಿಮಾನ ಇರುವವನು. ಹಿಂದಿನ ಸೀಟಿನಲ್ಲಿ ಅತ್ತೆ ಕೂರುವ ಜಾಗದಲ್ಲಿ ನನ್ನನ್ನು ಕೂರಿಸಿ, ತೊಡೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಲೋಟ ಇಟ್ಟು, ಲೋಟ ಮುಟ್ಟಬಾರದು ಎಂಬ ಕಟ್ಟಪ್ಪಣೆ ಮಾಡುತ್ತಿದ್ದರು. ಚೆಲ್ಲಿದ ಮಜ್ಜಿಗೆಯೇ ಅಂಕ. ಹಿಂದಿರುಗಿದಾಗ ಸೊಂಟದಿಂದ ಮೇಲೆ ನಾನು ಅದಿರಿನ ಧೂಳಿಗೆ ಕೆಂಪು, ಸೊಂಟದಿಂದ ಕೆಳಗೆ ಮಜ್ಜಿಗೆಗೆ ಬಿಳಿ. ಕಾಲೇಜಿನಲ್ಲಿ ಹುಡುಗಿಯರು ನನ್ನ ಹತ್ತಿರ ಹುಳಿ ವಾಸನೆ ಬರುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದುದು ನನ್ನ ಕಿವಿಗೂ ಬಿತ್ತು. ಮಾವನಿಗೆ ಹೇಳಿದೆ. ನಾಳೆಯಿಂದ ತಾಜಾ ಮಜ್ಜಿಗೆ ತರುತ್ತೇನೆ ಎಂದರು!

ಗ್ಯಾಸಿನದು ಅರ್ಧ ಲೋಟ ಚೆಲ್ಲಿತು. ಎಣ್ಣೆಯದು ಮುಕ್ಕಾಲು ಲೋಟ ಚೆಲ್ಲಿತು. ತೋರಣಗಲ್ಲಿನಲ್ಲಿ ಟಿಪ್ಪರ್ ರಿಪೇರಿ ಮಾಡುವವರೊಬ್ಬರ ಮಾತು ಕೇಳಿ ಹಿಂದೆ ಒಂದು ಗಟ್ಟಿ ಸ್ಪ್ರಿಂಗು ಹಾಕಿಸಿದ ದಿನ ಮಜ್ಜಿಗೆ ಮಾತ್ರವಲ್ಲ, ಲೋಟವೇ ಕಿಟಕಿಯಿಂದ ಹೊರಗೆ ಹೋಯಿತು. ಹಿಂದೆ ಬರುತ್ತಿದ್ದ ಲಾರಿಯ ಡ್ರೈವರ್ ಅದನ್ನು ಎತ್ತಿ ತಂದುಕೊಟ್ಟು, ಇದೇನು ಹರಕೆಯೇ ಎಂದು ಕೇಳಿದ.

ಆಗ ಖಾದರ್ ಸಾಬರು ಎಲ್ಲಿಂದಲೋ ಒಂದು ಬಣ್ಣದ ಪುಸ್ತಕ ತಂದು ಕಾಯಿಲೋವರ್ ಎಂಬ ಮಾಲನ್ನು ತೋರಿಸಿದರು. ಸ್ಪ್ರಿಂಗು ಒಂದು ಕಡೆ, ಶಾಕಪ್ಸರ್ ಇನ್ನೊಂದು ಕಡೆ ಅಲ್ಲ, ಇದರಲ್ಲಿ ಶಾಕಪ್ಸರಿನ ಮೈಗೇ ಸ್ಪ್ರಿಂಗು ಸುತ್ತಿಕೊಂಡಿರುತ್ತದೆ. ಉಂಗುರ ತಿರುಗಿಸಿದರೆ ಕಾರು ಎತ್ತರವಾಗುತ್ತದೆ, ತಗ್ಗುತ್ತದೆ. ತಲೆಯ ಮೇಲಿನ ಗುಬುಟು ತಿರುವಿದರೆ ಕಟಕ್ ಕಟಕ್ ಎಂದು ಗಟ್ಟಿಯಾಗುತ್ತದೆ, ಮೆತ್ತಗಾಗುತ್ತದೆ. ಎರಡನ್ನೂ ಯಾಕೆ ಕೂಡಿಸಿದ್ದಾರೆ ಎಂದು ಮಾವ ಕೇಳಿದರು.

"ಗಂಡ ಹೆಂಡ್ತಿ ಇದ್ದಂಗ ನೋಡ್ರಿ ಸಾಹುಕಾರ್ರ" ಎಂದರು ಖಾದರ್ ಸಾಬರು, "ಒಬ್ರು ಕುಣಿಯಾಕ, ಒಬ್ರು ತಡಿಯಾಕ."

ಮಾವನಿಗೆ ಈ ವಿವರಣೆ ಬಹಳ ಹಿಡಿಸಿತು. ಬೆಂಗಳೂರಿನಲ್ಲಿ ರೇಸ್ ಕಾರುಗಳಿಗೆ ಇಂಥವನ್ನು ತರಿಸಿಕೊಡುವ ಒಬ್ಬರಿಗೆ ನನ್ನೆದುರೇ ಫೋನ್ ಹಚ್ಚಿದರು. ಆ ಕಡೆಯವರು ಶಿಸ್ತಿನ ಮನುಷ್ಯ, ಟ್ರ್ಯಾಕಿಗೆ ಬೇಕೋ ರೋಡಿಗೆ ಬೇಕೋ ಎಂದು ಕೇಳಿದರು.

"ಕಂಪ್ಲಿಗೆ" ಎಂದರು ಮಾವ.

ಎಷ್ಟು ವೇಗದಲ್ಲಿ ಓಡಿಸುತ್ತೀರಿ ಎಂಬ ಪ್ರಶ್ನೆಗೆ, ಹೆಚ್ಚೆಂದರೆ ಇಪ್ಪತ್ತೈದು ಎಂದರು. ಆ ಕಡೆ ಎಷ್ಟು ಹೊತ್ತು ಸದ್ದೇ ಇರಲಿಲ್ಲವೆಂದರೆ, ಮಾವ ಫೋನನ್ನು ಕಿವಿಯಿಂದ ತೆಗೆದು ನೋಡಿದರು!

ಪೆಟ್ಟಿಗೆ ಬಸ್ಸಿನಲ್ಲಿ ಬಂತು. ಕೆಂಪು ಬಣ್ಣದ ನಾಲ್ಕು ಸ್ಪ್ರಿಂಗುಗಳು ಒಂದು ರಾತ್ರಿ ದೇವರ ಕೋಣೆಯಲ್ಲಿ ಲಿಂಗದ ಪಕ್ಕ ವಿಭೂತಿ ಹಚ್ಚಿಸಿಕೊಂಡು ಕೂತವು. ಅವನ್ನು ಕಾರಿಗೆ ಹಾಕಿಸಿದ ದಿನ ನನ್ನ ಹಲ್ಲುಗಳೆಲ್ಲ ಇನ್ನೂ ಬಾಯಲ್ಲೇ ಇವೆಯೇ ಎಂದು ನಾಲಗೆಯಿಂದ ಎಣಿಸಿ ನೋಡಿಕೊಂಡೆ. ರೇಸಿನ ಮಾಲಲ್ಲವೇ, ಕಲ್ಲಿನಂತೆ ಗಟ್ಟಿ! ಸರಿ, ಅವನ್ನು ವಾಪಸ್ ಕಳಿಸಿ ಮೆತ್ತನೆಯವನ್ನು ತರಿಸಿದ್ದಾಯಿತು. ಮೆತ್ತನೆಯವನ್ನು ಇನ್ನಷ್ಟು ಮೆತ್ತಗೆ ಮಾಡುವ ಆಸೆಯಿಂದ ಮಾವ ಉಂಗುರವನ್ನು ಪೂರಾ ಇಳಿಸಿಬಿಟ್ಟರು. ಕಾರು ಕಮಲಾಪುರದ ಉಬ್ಬಿನ ಮೇಲೆ ಹೊಟ್ಟೆ ಊರಿಕೊಂಡು, ನಾಲ್ಕೂ ಗಾಲಿ ಸುಮ್ಮನೆ ಬಿಟ್ಟು ಕೂತಿತು. ಹಂಪಿ ನೋಡಲು ಬಂದಿದ್ದ ಮೂವರು ವಿದೇಶಿಯರು ಸೈಕಲ್ ಒರಗಿಸಿ ಬಂದು ದೂಡಿಕೊಟ್ಟರು. ಮಾವ ಅವರನ್ನು ಅಷ್ಟಕ್ಕೇ ಬಿಡುತ್ತಾರೆಯೇ? ನಿಮ್ಮ ದೇಶದಲ್ಲಿ ಎಂಥ ಸ್ಪ್ರಿಂಗು ಹಾಕುತ್ತಾರೆ ಎಂದು ನನ್ನಿಂದ ಕೇಳಿಸಿದರು. ಅದರ ಬಗ್ಗೆ ಯಾವತ್ತೂ ಯೋಚಿಸಿಲ್ಲ, ನಮ್ಮಲ್ಲಿ ರಸ್ತೆಗಳು ನುಣುಪಾಗಿವೆ ಎಂದ ಅವರಲ್ಲೊಬ್ಬ. ಮಾವ ಕನಿಕರದಿಂದ ಅವನ ಮುಖ ನೋಡಿ, "ಪಾಪ, ಶಾಕಪ್ಸರ್ ಅಂದ್ರೇನಂತ ಗೊತ್ತಿಲ್ಲದ ಬೆಳದಾನ" ಎಂದರು.

ಆಮೇಲೆ ಖಾದರ್ ಸಾಬರು ಒಂದು ಮಾತು ಹೇಳಿದರು. ಕಾಯಿಲೋವರನ್ನು ಖಾಲಿ ಕಾರಿನಲ್ಲಿ ಹದ ಮಾಡಬಾರದು, ಹಿಂದಿನ ಸೀಟಿನಲ್ಲಿ ತೂಕ ಇರಬೇಕು. ಗಿರಣಿಯವರಿಗೆ ತೂಕಕ್ಕೆ ಬರವೇ? ಮಾವ ಹಿಂದಿನ ಸೀಟಿನಲ್ಲಿ ಎಪ್ಪತ್ತೈದು ಕಿಲೋದ ಎರಡು ಅಕ್ಕಿ ಚೀಲ ಮಲಗಿಸಿದರು. ನಾನು ಮುಂದಿನ ಸೀಟಿಗೆ ಬಡ್ತಿ ಪಡೆದೆ, ಲೋಟ ಚೀಲಗಳ ಮೇಲೆ ಕೂತಿತು. ಒಂದು ಕಟಕ್, ಒಂದು ಸಂಡೂರು. ಇನ್ನೊಂದು ಕಟಕ್, ಇನ್ನೊಂದು ಸಂಡೂರು. ಒಂದೂವರೆ ತಿಂಗಳು ಆ ಅಕ್ಕಿ ಕಂಡಷ್ಟು ಸಂಡೂರನ್ನು ಸಂಡೂರಿನವರೂ ಕಂಡಿರಲಿಕ್ಕಿಲ್ಲ. ಕೊನೆಗೊಂದು ದಿನ ಲೋಟ ಹೋದ ಹಾಗೆಯೇ ಮರಳಿ ಬಂತು, ಚೆಲ್ಲಿದ್ದು ಎರಡೇ ಹನಿ! ಮಾವ ನಡುರಸ್ತೆಯಲ್ಲಿ ಕಾರು ನಿಲ್ಲಿಸಿ ಆ ಮಜ್ಜಿಗೆಯನ್ನು ತಾವೇ ಗಟಗಟ ಕುಡಿದರು.

ಮನೆಗೆ ಬಂದವರೇ ಅತ್ತೆಯನ್ನು ಕಂಪ್ಲಿಗೆ ಹೊರಡಿಸಿದರು. ಅತ್ತೆ ಒಲ್ಲೆ ಅಂದರೂ ಅವರ ಕೈ ಆಗಲೇ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿತ್ತು. ಚೀಲ ಇಳಿಸಿದ್ದಾಯಿತು, ಅತ್ತೆ ಏರಿದ್ದಾಯಿತು. ಅನಂತಶಯನಗುಡಿ ಕೂಡ ಮುಟ್ಟಲಿಲ್ಲ, ಒಂದು ಸಣ್ಣ ತಗ್ಗಿಗೆ ಕಾರಿನ ಹಿಂಭಾಗ ಕರುವಿನ ಹಾಗೆ ಚಂಗನೆ ನೆಗೆಯಿತು. ಅತ್ತೆ ಅಮ್ಮಾ ಎಂದರು. ಅಷ್ಟೇ, ಮತ್ತೆ ಮನೆ. ಏನಾಗಿತ್ತು ಗೊತ್ತೇ? ಕಾರು ನೂರೈವತ್ತು ಕಿಲೋ ಅಕ್ಕಿಗೆ ಹದವಾಗಿತ್ತು, ಅತ್ತೆ ಅದರ ಮೂರನೇ ಒಂದು ಪಾಲೂ ಇರಲಿಲ್ಲ! ಜೀವಮಾನವಿಡೀ ಕಾಳು ಕಾಳು ತೂಗಿದ ಮನುಷ್ಯ ಹೆಂಡತಿಯನ್ನು ತೂಗಲು ಮರೆತಿದ್ದರು.

"ನಾ ಏನು ಅಕ್ಕಿ ಚೀಲ ಏನ್ರಿ?" ಎಂದರು ಅತ್ತೆ.

ಮರುದಿನ ಮಾವ ಅತ್ತೆಯನ್ನು ಕೈಹಿಡಿದು ಗಿರಣಿಗೆ ನಡೆಸಿಕೊಂಡು ಹೋಗಿ ಚೀಲ ತೂಗುವ ತಕ್ಕಡಿಯ ಮೇಲೆ ನಿಲ್ಲಿಸಿದರು. ಹಮಾಲರೆಲ್ಲ ಕೆಲಸ ಬಿಟ್ಟು ಸುತ್ತ ನಿಂತರು. ನಲವತ್ತಾರು ಕಿಲೋ. ಮುಳ್ಳು ನಿಂತದ್ದನ್ನು ನೋಡಿ ಅತ್ತೆ ನಕ್ಕರು, ಒಂದು ವರ್ಷದ ಮೇಲೆ ನಾನು ಅವರ ನಗು ಕೇಳಿದ್ದು ಅವತ್ತೇ. ಮಾವ ನಗಲಿಲ್ಲ. ಮದುವೆಯಾದಾಗ ಐವತ್ತೆಂಟು ಇದ್ದಳು ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಆಮೇಲೆ ಸರಿಯಾಗಿ ನಲವತ್ತಾರು ಕಿಲೋ ಅಕ್ಕಿಯ ಒಂದು ಚೀಲ ಹೊಲಿಸಿ, ಅತ್ತೆಯ ಜಾಗದಲ್ಲಿ ಕೂರಿಸಿ, ಬೀಳದಂತೆ ಕಟ್ಟಿ, ಮೊದಲಿನಿಂದ ಶುರುಮಾಡಿದರು. ಈಗ ನೇರವಾಗಿ ಕಂಪ್ಲಿಯ ದಾರಿಯಲ್ಲೇ ಪರೀಕ್ಷೆ. ಏನು ಮಾಡಿದರೂ ಕಾಲು ಲೋಟ ಚೆಲ್ಲುವುದು ನಿಲ್ಲಲಿಲ್ಲ. ಒಂದು ಸಂಜೆ ಖಾದರ್ ಸಾಬರು ಪಾನಾ ಕೆಳಗಿಟ್ಟು ಕೈ ಒರೆಸಿಕೊಂಡರು.

"ಇನ್ನ ನನ್ ಕೈಲಿ ಆಗಂಗಿಲ್ರಿ. ತಪ್ಪು ಶಾಕಪ್ಸರಿಂದಲ್ಲ, ಗುಂಡಿ ಅಷ್ಟು ಅದಾವ. ಅದಾದ್ರೂ ಎಷ್ಟಂತ ನುಂಗೀತು?"

ಮಾವ ಕಾರು ತೆಗೆದುಕೊಂಡು ಮನೆಗೆ ಹೋದರು. ಅಲ್ಲಿಗೆ ಪರೀಕ್ಷೆಗಳು ನಿಂತವು. ಕಾರು ಅಂಗಳದಲ್ಲಿ ಧೂಳು ತಿನ್ನತೊಡಗಿತು. ನನ್ನ ಪ್ಯಾಂಟುಗಳು ನಿಟ್ಟುಸಿರು ಬಿಟ್ಟವು. ಮಾವ ಮಾತ್ರ ಸೊರಗಿದರು, ಸಂಜೆ ನೋಡಲು ಹೋದರೆ ಕೂತಲ್ಲೇ ತೂಕಡಿಸುತ್ತಿದ್ದರು. ಉಗುರುಗಳು ಕಪ್ಪಾಗಿದ್ದವು. ಈಗೇನು ಹೊಸ ಸಂಶೋಧನೆ ಎಂದು ನಾನು ಕೆಣಕಿದರೆ, ಗಿರಣಿಯಲ್ಲಿ ಕೆಲಸ ಹೆಚ್ಚು ಎನ್ನುತ್ತಿದ್ದರು. ಕಂಪ್ಲಿಯ ಅಕ್ಕ ಈಗೀಗ ಫೋನಿನಲ್ಲಿ ಹೆಚ್ಚು ಮಾತಾಡುತ್ತಿಲ್ಲ, ಅನ್ನ ಇಳಿಯುತ್ತಿಲ್ಲವಂತೆ ಎಂದು ಅತ್ತೆ ಒಂದು ದಿನ ಹೇಳಿ ಕಣ್ಣು ಒರೆಸಿಕೊಂಡರು. ನನಗೂ ತಮಾಷೆ ಸಾಕೆನಿಸಿತು.

ಮೂರು ವಾರ ಕಳೆದು ಒಂದು ಭಾನುವಾರ ಬೆಳಗ್ಗೆ ಮಾವ ನಮ್ಮ ಮನೆಯ ಮುಂದೆ ಹಾರ್ನ್ ಹೊಡೆದರು. ನೋಡಿದರೆ ಹಿಂದಿನ ಸೀಟಿನಲ್ಲಿ ದಿಂಬುಗಳ ನಡುವೆ ಅತ್ತೆ! ಹೇಗೆ ಒಪ್ಪಿಸಿದರೋ! ಮುಂದೆ ಕೂತ ನನ್ನ ತೊಡೆಯ ಮೇಲೆ ಮತ್ತೆ ಅದೇ ತಟ್ಟೆ, ಅದೇ ಲೋಟ, ಅದೇ ಮಜ್ಜಿಗೆ. ಕಮಲಾಪುರ ಬಂತು, ದಾಟಿತು. ನಾನು ಕಾಲು ಬಿಗಿಹಿಡಿದು ಕಾದೆ. ಏನೂ ಆಗಲಿಲ್ಲ. ಒಂದು ಕಿಲೋಮೀಟರು, ಎರಡು ಕಿಲೋಮೀಟರು, ಲೋಟದಲ್ಲಿ ಮಜ್ಜಿಗೆ ಮೆಲ್ಲಗೆ ತೂಗಾಡುತ್ತಿತ್ತೇ ಹೊರತು ಅಂಚು ದಾಟಲಿಲ್ಲ. ಭಲೇ ಕಾಯಿಲೋವರ್ ಎಂದುಕೊಂಡು ರಸ್ತೆಯ ಮೇಲೆ ಕಣ್ಣು ಹಾಯಿಸಿದೆ.

ಬಲಭಾಗದಲ್ಲಿ ಗುಂಡಿಗಳು ಇದ್ದ ಹಾಗೆಯೇ ಬಾಯಿ ತೆರೆದುಕೊಂಡಿದ್ದವು. ನಾವು ಹೋಗುತ್ತಿದ್ದ ಎಡಭಾಗದಲ್ಲಿ ಮಾತ್ರ ಒಂದೊಂದು ಗುಂಡಿಗೂ ಮೊರಮು ಮಣ್ಣು ತುಂಬಿ, ಮೇಲೆ ಕಪ್ಪು ಬೂದಿ ಹಾಕಿ, ಅಂಗಳ ಸಾರಿಸಿದಂತೆ ಬಡಿದು ಸಪಾಟು ಮಾಡಲಾಗಿತ್ತು. ರಸ್ತೆಯ ಇಲಾಖೆಯವರಿಗೆ ಅರ್ಧ ರಸ್ತೆಯ ಮೇಲಷ್ಟೇ ಪ್ರೀತಿ ಬಂತೇ ಎಂದು ಕೇಳಿದೆ. ಇರಬೇಕು ಎಂದರು ಮಾವ, ಕಣ್ಣು ರಸ್ತೆಯ ಮೇಲಿಂದ ತೆಗೆಯದೆ.

"ಬೂದಿ ನಮ್ಮ ಗಿರಣೀದು" ಎಂದು ಹಿಂದಿನಿಂದ ಅತ್ತೆಯ ದನಿ ಬಂತು. "ಮೂರು ವಾರದಿಂದ ನಿಮ್ಮ ಧೋತ್ರದ ಅಂಚಿನಾಗ ನೋಡಾಕತ್ತೀನಿ."

ಬೆಳಕು ಹರಿಯುವ ಮೊದಲೇ ಎದ್ದು, ಗಿರಣಿಯಲ್ಲಿ ಹೊಟ್ಟು ಸುಟ್ಟ ಬೂದಿಯನ್ನೂ ಮೊರಮನ್ನೂ ಟ್ರ್ಯಾಕ್ಟರಿಗೆ ತುಂಬಿಕೊಂಡು, ಅರವತ್ತು ದಾಟಿದ ಈ ಮನುಷ್ಯ ಒಬ್ಬರೇ ಸಲಿಕೆ ಹಿಡಿದು ಕಮಲಾಪುರದಿಂದ ರಾಮಸಾಗರ ದಾಟಿ ಕಂಪ್ಲಿಯವರೆಗೆ ಗುಂಡಿ ತುಂಬಿದ್ದರು. ನಾನು ಅವರ ಕೈ ನೋಡಿದೆ. ಅಂಗೈ ತುಂಬ ಬೊಬ್ಬೆ. ಇಷ್ಟು ದಿನ ಅವರನ್ನು ಆಡಿಕೊಂಡ ನನ್ನ ನಾಲಗೆಯ ಮೇಲೆ ನನಗೇ ನಾಚಿಕೆಯಾಯಿತು. ಅತ್ತೆ ಹಿಂದಿನಿಂದ ಕೈ ಚಾಚಿ ಮಾವನ ಹೆಗಲ ಮೇಲಿಟ್ಟರು. ಮಾವನಿಗೆ ಇದೆಲ್ಲ ಮುಜುಗರ, ಗುಬುಟನ್ನು ಏಳನೇ ಕಟಕ್‌ನಲ್ಲಿ ಇಟ್ಟಿದ್ದೇನೆ, ಎಲ್ಲ ಅದರದೇ ಕೆಲಸ ಎಂದು ಗೊಣಗಿದರು. ಅತ್ತೆ ಕೈ ತೆಗೆಯಲಿಲ್ಲ.

ಕಂಪ್ಲಿಯ ಅಕ್ಕ ತಂಗಿಯನ್ನು ಬಾಗಿಲಲ್ಲಿ ಕಂಡವರೇ, ನಿನ್ನ ಬೆನ್ನು ಹೇಗಿದೆ ಎಂದರು. ನಿನ್ನ ಸೊಂಟ ಹೇಗಿದೆ ಎಂದರು ಅತ್ತೆ. ಇಬ್ಬರೂ ನಕ್ಕರು, ನಗುತ್ತಲೇ ಅತ್ತರು. ಅತ್ತೆ ನನ್ನ ಕೈಯಿಂದ ಲೋಟ ತೆಗೆದುಕೊಂಡು, ಅಕ್ಕನ ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದು, ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಅನ್ನ ಇಳಿಯದ ಅಕ್ಕ ಲೋಟ ಖಾಲಿ ಮಾಡಿದರು.

ಸಂಜೆ ನಾಲ್ಕಕ್ಕೆ ಅತ್ತೆ ಮೆಲ್ಲಗೆ ಎದ್ದು ಸೆರಗು ಸರಿಮಾಡಿಕೊಂಡರು. ಮಾವ ಕೂತಲ್ಲಿಂದ ಏಳಲಿಲ್ಲ.

"ಬರೋ ಕಡೆ ಅಷ್ಟ ತುಂಬೀನಿ. ಹೋಗೋ ಕಡೆ ಇನ್ನೂ ಆಗಿಲ್ಲ" ಎಂದರು. "ಆಗೋ ತನಕ ಇಲ್ಲೇ ಇರು."

ಕೆಲಸ ಅರ್ಧಕ್ಕೆ ಮುಗಿದಿತ್ತೋ, ಬೇಕೆಂತಲೇ ಅರ್ಧಕ್ಕೆ ಬಿಟ್ಟಿದ್ದರೋ, ಅವರು ಇವತ್ತಿಗೂ ಹೇಳಿಲ್ಲ. ಚಹಾ ಮಾಡಿಕೊಳ್ಳಲು ಕೂಡ ಬಾರದ ಮನುಷ್ಯ! ಹಿಂದಿನ ಸೀಟು ಖಾಲಿಯಾದ ಕಾರಿನಲ್ಲಿ ನಾವಿಬ್ಬರೂ ಆ ಕಡೆಯ ಪ್ರತಿ ಗುಂಡಿಗೂ ಇಳಿದು ಏರುತ್ತ ಊರಿಗೆ ಬಂದೆವು. ದಾರಿಯುದ್ದಕ್ಕೂ ನಾನು ಗುಂಡಿ ಎಣಿಸಿದೆ.

ಮರುದಿನ ಬೆಳಗಿನ ಜಾವ ಹಳೆಯ ಪ್ಯಾಂಟು ಹಾಕಿಕೊಂಡು ಟ್ರ್ಯಾಕ್ಟರಿನ ಹತ್ತಿರ ಹೋಗಿ ನಿಂತೆ. ಮಾವ ಇನ್ನೊಂದು ಸಲಿಕೆ ಕೊಟ್ಟರು. ಕಂಪ್ಲಿಯ ತುದಿಯಿಂದ ಶುರುಮಾಡಿದೆವು. ಅತ್ತೆ ಬೇಗ ಮನೆಗೆ ಬರಲಿ ಎಂದು ನಾನು ಹುರುಪಿನಿಂದ ಒಂದರ ಹಿಂದೆ ಒಂದು ಗುಂಡಿ ತುಂಬತೊಡಗಿದೆ. ನಾಲ್ಕನೆಯದಕ್ಕೆ ಮಾವ ಬಂದು ನನ್ನ ಸಲಿಕೆ ಹಿಡಿದರು.

"ಅಷ್ಟು ಜಲ್ದಿ ಬ್ಯಾಡ್ಲೇ" ಎಂದರು. "ನಿಧಾನಕ್ಕ ತುಂಬು. ಅಕ್ಕ ತಂಗಿ ಮಾತಾಡಿಕೊಳ್ಳಲಿ."

ನಾನು ಬೂದಿಯ ರಾಶಿಯ ಪಕ್ಕ ಕೂತೆ. ಮಾವನೂ ಬಂದು ಕೂತರು.